ನೋಡುವ ಹಕ್ಕು, ನೋಡಿದ ಋಣ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಊರು ಬಿಟ್ಟು ಬಂದು ಮಹಾನಗರದಲ್ಲಿ ನೆಲೆಸಿರುವ ನಮ್ಮಂಥವರಿಗಂತೂ ಅದು ಇನ್ನೂ ಹತ್ತಿರದ ಮಾತು. ದೇಶ ಸುತ್ತಿದ್ದರಿಂದಲೇ ನಮ್ಮ ಹೊಟ್ಟೆ ತುಂಬಿತು. ಮಕ್ಕಳು ಮೂರು ನಾಲ್ಕು ಭಾಷೆ ಕಲಿತರು. ಆದ್ದರಿಂದ ಪ್ರವಾಸವೆಂದರೆ ಒಳ್ಳೆಯದು, ಎಷ್ಟು ಮಾಡಿದರೆ ಅಷ್ಟೂ ಒಳ್ಳೆಯದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಈ ಗಾದೆಯ ಹಿಂದೆ ಒಂದು ನಂಬಿಕೆ ಅಡಗಿರುವುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ನಾವು ಸುತ್ತುವುದರಿಂದ ನಮಗೆ ಲಾಭವಿದೆ, ಸುತ್ತಿಸಿಕೊಂಡ ದೇಶಕ್ಕೆ ನಷ್ಟವೇನೂ ಇಲ್ಲ ಎಂಬುದೇ ಆ ನಂಬಿಕೆ. ಅದು ಎಲ್ಲ ಕಡೆಯೂ ಸತ್ಯವೇ? ನೋಡುವುದು ನಿಜವಾಗಿಯೂ ನಿರುಪದ್ರವಿಯಾದ ಕೆಲಸವೇ? ಈ ಪ್ರಶ್ನೆಯನ್ನು ಓದುಗರ ಮುಂದಿಡುವುದು ನನ್ನ ಉದ್ದೇಶ.

ವಿಚಾರ ಸ್ಪಷ್ಟವಾಗಲೆಂದು ಬಹು ದೂರದ ಒಂದು ಉದಾಹರಣೆಯನ್ನು ತೆಗೆದುಕೊಳ್ಳುತ್ತೇನೆ. ದಕ್ಷಿಣ ಧ್ರುವವನ್ನು ಸುತ್ತುವರಿದಿರುವ ಅಂಟಾರ್ಕ್ಟಿಕ ಖಂಡದ ಕರಾವಳಿಗೆ ಸಣ್ಣ ಹಡಗುಗಳಲ್ಲಿ ನೂರು, ಇನ್ನೂರು ಜನರ ತಂಡಗಳನ್ನು ಕರೆದೊಯ್ಯುವ ಪ್ರವಾಸ ಅದು. ಇದರ ಜಾಹೀರಾತುಗಳು ಈಗ ನಮ್ಮ ದೇಶದಲ್ಲೂ ಕಾಣುತ್ತವೆ. ನಮ್ಮ ನಗರಗಳಿಂದಲೂ ಜನ ಹೋಗಿಬರುತ್ತಾರೆ. ಹತ್ತಿರದ ಊಟಿಯನ್ನೋ ಕಾಶ್ಮೀರವನ್ನೋ ಹಿಡಿಯದೆ ಅಷ್ಟು ದೂರ ಏಕೆ ಹೋಗಬೇಕೆಂದರೆ, ಊಟಿ ಕಾಶ್ಮೀರಗಳ ವಿಚಾರದಲ್ಲಿ ಹೋಟೆಲಿನವರ, ಕುದುರೆಯವರ, ಟ್ಯಾಕ್ಸಿಯವರ ಜೀವನೋಪಾಯದ ಮಾತು ನಡುವೆ ಬರುತ್ತದೆ, ಬರಲೇಬೇಕು. ಅಂಟಾರ್ಕ್ಟಿಕದಲ್ಲಿ ಖಾಯಂ ನಿವಾಸಿಗಳೇ ಇಲ್ಲ. ಒಂದು ಕಡೆ ನೋಡಲು ಬಂದ ಮನುಷ್ಯ. ಇನ್ನೊಂದು ಕಡೆ ನೋಡಿಸಿಕೊಳ್ಳುವ ಹಕ್ಕಿ, ಸೀಲ್, ತಿಮಿಂಗಿಲ ಮತ್ತು ಹಿಮ. ಪ್ರಶ್ನೆಗೆ ಬೇರೆ ಯಾವ ಹೊದಿಕೆಯೂ ಇಲ್ಲ.

ಪ್ರವಾಸದ ಸ್ವರೂಪ ಹೀಗಿದೆ. ದಕ್ಷಿಣ ಅಮೆರಿಕದ ತುದಿಯಲ್ಲಿ ಆರ್ಜೆಂಟೀನಾಕ್ಕೆ ಸೇರಿದ ಉಶುಆಯಾ ಎಂಬ ಬಂದರಿದೆ. ನವೆಂಬರಿನಿಂದ ಮಾರ್ಚಿಯವರೆಗೆ, ಅಂದರೆ ಅಲ್ಲಿಯ ಬೇಸಗೆಯಲ್ಲಿ, ಬಹುಪಾಲು ಹಡಗುಗಳು ಅಲ್ಲಿಂದಲೇ ಹೊರಡುತ್ತವೆ. ಮೊದಲು ಡ್ರೇಕ್ ಜಲಸಂಧಿಯನ್ನು ದಾಟಬೇಕು. ಆ ಅಕ್ಷಾಂಶದಲ್ಲಿ ಗಾಳಿಗೂ ಅಲೆಗೂ ಭೂಮಿಯ ಸುತ್ತ ಎಲ್ಲಿಯೂ ನೆಲದ ಅಡ್ಡಿಯಿಲ್ಲವಾದ್ದರಿಂದ ಕಡಲು ಬಹಳ ಒರಟು. ಎರಡು ದಿನ ಹೊಟ್ಟೆ ತೊಳಸಿ ಮಲಗಿದವರು ಆಮೇಲೆ ಎದ್ದು ಹೊರಗೆ ನೋಡಿದರೆ ಬೇರೆಯೇ ಲೋಕ. ಮನೆಯಷ್ಟು, ಬೆಟ್ಟದಷ್ಟು ದೊಡ್ಡ ಹಿಮಬಂಡೆಗಳು ತೇಲುತ್ತಿರುತ್ತವೆ. ಅವುಗಳ ಬುಡದಲ್ಲಿ ನೀಲಿ ಬಣ್ಣ. ಲೆಮೇರ್ ಜಲಮಾರ್ಗವೆಂಬಲ್ಲಿ ಸುಮಾರು 11 ಕಿಲೋಮೀಟರ್ ಉದ್ದಕ್ಕೆ ಎರಡೂ ಬದಿಯಲ್ಲಿ ಹಿಮ ಹೊದ್ದ ಕಡಿದಾದ ಪರ್ವತಗಳ ನಡುವೆ ಹಡಗು ಮೆಲ್ಲನೆ ಸಾಗುತ್ತದೆ. ದಡ ಮುಟ್ಟಲು ಹತ್ತು ಹನ್ನೆರಡು ಜನ ಕೂರುವ ರಬ್ಬರ್ ದೋಣಿ. ದಡದಲ್ಲಿ ಸಾವಿರಗಟ್ಟಲೆ ಪೆಂಗ್ವಿನ್ ಪಕ್ಷಿಗಳು ಬೆಣಚುಕಲ್ಲು ಜೋಡಿಸಿ ಗೂಡು ಕಟ್ಟಿ, ಪಕ್ಕದ ಗೂಡಿನ ಕಲ್ಲು ಕದ್ದು, ಜಗಳವಾಡಿ ಸಂಸಾರ ಮಾಡುತ್ತಿರುತ್ತವೆ.

ಈ ಪಕ್ಷಿಗಳ ಒಂದು ಗುಣವನ್ನು ವಿಶೇಷವಾಗಿ ಗಮನಿಸಬೇಕು. ಅವಕ್ಕೆ ಮನುಷ್ಯನನ್ನು ಕಂಡರೆ ಹೆದರಿಕೆ ಬಹಳ ಕಡಿಮೆ. ಅವುಗಳ ಶತ್ರುಗಳು ನೀರಿನಲ್ಲಿವೆ, ಆಕಾಶದಲ್ಲಿವೆ. ನೆಲದ ಮೇಲೆ ನಡೆದು ಬರುವ ಶತ್ರುವನ್ನು ಅವುಗಳ ವಂಶ ಕಂಡಿಲ್ಲ. ನಮ್ಮ ಕಾಡಿನ ಜಿಂಕೆ ನಮ್ಮನ್ನು ಕಂಡು ಓಡಿ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ. ಓಡದೆ ನಿಂತ ಪ್ರಾಣಿಯನ್ನು ಕಾಪಾಡುವ ಭಾರ ನೋಡುವವನ ಮೇಲೆಯೇ ಬೀಳುತ್ತದೆ.

ಆ ಭಾರವನ್ನು ಮನುಷ್ಯ ಹೇಗೆ ಹೊತ್ತನೆಂಬ ಇತಿಹಾಸ ಸುಖಕರವಾದುದಲ್ಲ. 1775ರ ಜನವರಿಯಲ್ಲಿ ನಾವಿಕ ಜೇಮ್ಸ್ ಕುಕ್ ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ ಇಳಿದನು. ಅವನು ಹೋದದ್ದು ಅನ್ವೇಷಣೆಗೆ. ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದನು. ಕಂಡದ್ದರಲ್ಲಿ ಸೀಲ್‌ಗಳೂ ಇದ್ದವು. ಆ ವೃತ್ತಾಂತವನ್ನು ಓದಿದವರು ಕೆಲವೇ ವರ್ಷಗಳಲ್ಲಿ ದೊಣ್ಣೆ ಹಿಡಿದು ಬಂದರು. 1820ರ ದಶಕದ ಆರಂಭಕ್ಕೆ ಆ ಒಂದು ದ್ವೀಪದಿಂದಲೇ ಸುಮಾರು 12 ಲಕ್ಷ ಸೀಲ್ ಚರ್ಮಗಳು ಹೋಗಿದ್ದವೆಂದು ನಾವಿಕ ಜೇಮ್ಸ್ ವೆಡೆಲ್ ಅಂದಾಜು ಮಾಡಿದ್ದಾನೆ. ಮುಂದೆ 1904ರಲ್ಲಿ ಅದೇ ದ್ವೀಪದ ಗ್ರಿಟ್‌ವಿಕೆನ್ ಎಂಬಲ್ಲಿ ತಿಮಿಂಗಿಲ ಬೇಟೆಯ ಕೇಂದ್ರ ಆರಂಭವಾಯಿತು. 1960ರ ದಶಕದಲ್ಲಿ ಬೇಟೆ ನಿಲ್ಲುವ ಹೊತ್ತಿಗೆ ದ್ವೀಪದ ಕೇಂದ್ರಗಳಲ್ಲಿ ಸುಮಾರು ಒಂದೂಮುಕ್ಕಾಲು ಲಕ್ಷ ತಿಮಿಂಗಿಲಗಳನ್ನು ಕೊಯ್ದು ಎಣ್ಣೆ ತೆಗೆಯಲಾಗಿತ್ತು. ಕುಕ್ ಸ್ವತಃ ಆ ಸೀಲ್ ವ್ಯಾಪಾರ ಮಾಡಿದವನಲ್ಲ. ನೋಡಿದನು, ಹೇಳಿದನು, ಅಷ್ಟೆ. ಆದರೂ ನೋಟದ ಹಿಂದೆ ಮಾತು, ಮಾತಿನ ಹಿಂದೆ ಆಸೆ, ಆಸೆಯ ಹಿಂದೆ ದೊಣ್ಣೆ ಬಂದದ್ದನ್ನು ನಾವು ಅಲ್ಲಗಳೆಯಲಾರೆವು.

ಇದನ್ನು ನೆನೆದರೆ ಕ್ಯಾಮೆರಾ ಹಿಡಿದು ಬರುವ ಇಂದಿನ ಪ್ರವಾಸಿ ಸಾತ್ವಿಕನೆಂದೇ ಹೇಳಬೇಕು. ಈ ಬಗೆಯ ಪ್ರವಾಸಕ್ಕೆ ರೂಪ ಕೊಟ್ಟವನು ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್. 1966ರಲ್ಲಿ ಅವನು ಬಾಡಿಗೆ ಹಡಗಿನಲ್ಲಿ ಪ್ರವಾಸಿಗಳನ್ನು ಅಂಟಾರ್ಕ್ಟಿಕಕ್ಕೆ ಕರೆದೊಯ್ದನು; 1969ರಲ್ಲಿ ಇದಕ್ಕೆಂದೇ ‘ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್’ ಎಂಬ ಸುಮಾರು ನೂರು ಪ್ರಯಾಣಿಕರ ಸಣ್ಣ ಹಡಗನ್ನು ಕಟ್ಟಿಸಿದನು. ಹಡಗಿನಲ್ಲಿ ಪ್ರಾಣಿಶಾಸ್ತ್ರಜ್ಞರಿರುತ್ತಿದ್ದರು, ಉಪನ್ಯಾಸಗಳಾಗುತ್ತಿದ್ದವು. ಅರಿಯದ್ದನ್ನು ಯಾರೂ ಕಾಪಾಡುವುದಿಲ್ಲ, ಕಣ್ಣಾರೆ ಕಂಡವನು ಅದರ ರಾಯಭಾರಿಯಾಗುತ್ತಾನೆ ಎಂಬುದು ಅವನ ನಂಬಿಕೆ. 1991ರಲ್ಲಿ ಏಳು ಪ್ರವಾಸ ಸಂಸ್ಥೆಗಳು ಸೇರಿ ಒಂದು ಅಂತರರಾಷ್ಟ್ರೀಯ ಸಂಘ ಕಟ್ಟಿಕೊಂಡು ತಮಗೆ ತಾವೇ ನಿಯಮಗಳನ್ನು ವಿಧಿಸಿಕೊಂಡವು. ಒಂದು ತಾಣದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಪ್ರವಾಸಿಗಳು ಇಳಿಯಕೂಡದು. ಐನೂರಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ಇಳಿಸಕೂಡದು. ಪೆಂಗ್ವಿನ್‌ನಿಂದ ಕನಿಷ್ಠ 5 ಮೀಟರ್ ದೂರವಿರಬೇಕು. ಅದು ನಡೆಯುವ ದಾರಿಗೆ ಅಡ್ಡ ನಿಲ್ಲಕೂಡದು. ಬೂಟುಗಳನ್ನು ಹಡಗಿನಲ್ಲೇ ತೊಳೆದು ರೋಗಾಣುನಾಶಕದಲ್ಲಿ ಅದ್ದಬೇಕು. ಜೇಬು, ಬಟ್ಟೆಯ ಮಡಿಕೆಗಳಲ್ಲಿ ಬೀಜ ಉಳಿಯದಂತೆ ಶುಚಿಮಾಡಬೇಕು. ಒಂದು ಕಲ್ಲನ್ನೂ ತರುವಂತಿಲ್ಲ.

ನಿಯಮಗಳನ್ನು ಓದುವಾಗ ನನಗೆ ದೇವಸ್ಥಾನದ ನೆನಪು ಬಂತು. ಕಾಲು ತೊಳೆದು ಒಳಗೆ ಹೋಗುವುದು, ಗರ್ಭಗುಡಿಯಿಂದ ದೂರ ನಿಲ್ಲುವುದು, ಮುಟ್ಟದೆ ನೋಡುವುದು. ನಮ್ಮ ಭಾಷೆಯಲ್ಲಿ ಇಂಥ ನೋಟಕ್ಕೆ ‘ದರ್ಶನ’ವೆಂಬ ಬೇರೆಯೇ ಮಾತಿದೆ. ದರ್ಶನದಲ್ಲಿ ನೋಡುವವನು ಯಜಮಾನನಲ್ಲ, ಅತಿಥಿ. ಈ ದೃಷ್ಟಿ ಪ್ರವಾಸಕ್ಕೆ ಬಂದದ್ದು ದೊಡ್ಡ ಮುನ್ನಡೆಯೇ ಸರಿ. ಪ್ರಶ್ನೆ ಇಲ್ಲಿಗೇ ಮುಗಿದಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ.

ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕಲಿತ ಒಂದು ಸಂಗತಿಯನ್ನು ಇಲ್ಲಿ ಹೇಳಬಹುದು. ಹಂಡೆಯ ಬಿಸಿನೀರಿಗೆ ಥರ್ಮಾಮೀಟರ್ ಅದ್ದಿದರೆ ನೀರಿನ ಉಷ್ಣತೆ ಸರಿಯಾಗಿ ತಿಳಿಯುತ್ತದೆ. ಅದೇ ಥರ್ಮಾಮೀಟರನ್ನು ಸಣ್ಣ ಪ್ರನಾಳದಲ್ಲಿರುವ ಎರಡು ಚಮಚ ನೀರಿಗೆ ಅದ್ದಿದರೆ ಅದು ತಾನು ಬಿಸಿಯಾಗಲು ಆ ನೀರಿನ ಶಾಖವನ್ನೇ ಹೀರುತ್ತದೆ, ನೀರು ತಣ್ಣಗಾಗುತ್ತದೆ. ಅಳೆಯ ಹೋದದ್ದನ್ನೇ ಅಳತೆ ಬದಲಿಸಿತು. ಥರ್ಮಾಮೀಟರಿನಲ್ಲಿ ದೋಷವಿಲ್ಲ; ನೋಡುವ ಸಾಧನ ದೊಡ್ಡದು, ನೋಡಿಸಿಕೊಳ್ಳುವ ವಸ್ತು ಸಣ್ಣದು, ಅಷ್ಟೆ. ದೇಶ ಸುತ್ತಿರೆಂದು ಗಾದೆ ಹೇಳಿದ ಕಾಲದಲ್ಲಿ ದೇಶ ಹಂಡೆಯಾಗಿತ್ತು, ಸುತ್ತುವವರು ಬೆರಳೆಣಿಕೆಯಷ್ಟಿದ್ದರು. ಈಗ ಹಾಗಿದೆಯೇ? 1992–93ರ ಬೇಸಗೆಯಲ್ಲಿ ಅಂಟಾರ್ಕ್ಟಿಕಕ್ಕೆ ಹೋದ ಪ್ರವಾಸಿಗಳು ಏಳು ಸಾವಿರಕ್ಕಿಂತ ಕಡಿಮೆ. 2023–24ರಲ್ಲಿ, ಇಳಿಯದೆ ಹಡಗಿನಿಂದಲೇ ನೋಡಿ ಮರಳಿದವರನ್ನೂ ಸೇರಿಸಿ, ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು. ಅವರೆಲ್ಲ ಖಂಡದ ತುಂಬ ಹರಡಿಕೊಳ್ಳುವುದಿಲ್ಲ. ಬಹುಪಾಲು ಜನ ಅಂಟಾರ್ಕ್ಟಿಕ ಪರ್ಯಾಯದ್ವೀಪದ ಕೆಲವೇ ತಾಣಗಳಲ್ಲಿ ಇಳಿಯುತ್ತಾರೆ.

ಹಾಗಾದರೆ ಹಾನಿ ಎಷ್ಟು? ಇಲ್ಲಿ ಆವೇಶ ಬಿಟ್ಟು ಲೆಕ್ಕ ನೋಡಬೇಕು. ಪೋರ್ಟ್ ಲಾಕ್‌ರಾಯ್ ಎಂಬಲ್ಲಿ 1944ರ ಒಂದು ಬ್ರಿಟಿಷ್ ಠಾಣೆಯನ್ನು 1996ರಲ್ಲಿ ದುರಸ್ತಿ ಮಾಡಿ ವಸ್ತುಸಂಗ್ರಹಾಲಯ ಮತ್ತು ಅಂಚೆಕಚೇರಿಯನ್ನಾಗಿ ನಡೆಸುತ್ತಿದ್ದಾರೆ. ಆ ಪುಟ್ಟ ದ್ವೀಪದ ಒಂದು ಭಾಗಕ್ಕೆ ಪ್ರವಾಸಿಗಳಿಗೆ ಪ್ರವೇಶವಿದೆ, ಇನ್ನೊಂದು ಭಾಗಕ್ಕೆ ಇಲ್ಲ. ಎರಡೂ ಕಡೆ ಪೆಂಗ್ವಿನ್‌ಗಳು ಎಷ್ಟು ಮರಿ ಮಾಡುತ್ತವೆಂದು ಹೋಲಿಸಿ ನೋಡಲು ಈ ಏರ್ಪಾಡು. ಆರಂಭದ ವರ್ಷಗಳ ಹೋಲಿಕೆಯಲ್ಲಿ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ಅಂದರೆ ಶಿಸ್ತಿನಿಂದ ದೂರ ನಿಂತು ನೋಡುವವನಿಂದ ಪಕ್ಷಿಗೆ ನೇರವಾಗಿ ಆಗುವ ತೊಂದರೆ ನಾವು ಊಹಿಸಿದಷ್ಟಿಲ್ಲ.

ಬೀಜಗಳ ವಿಷಯ ಸ್ವಲ್ಪ ಬೇರೆ. 2007–08ರ ಬೇಸಗೆಯಲ್ಲಿ ಅಲ್ಲಿಗೆ ಹೋದವರ ಬಟ್ಟೆಬರೆ, ಚೀಲಗಳನ್ನು ವಿಜ್ಞಾನಿಗಳು ಜಾಲಾಡಿದಾಗ ಸರಾಸರಿ ತಲೆಗೆ ಒಂಬತ್ತೂವರೆ ಬೀಜಗಳು ಸಿಕ್ಕವು. ಸೋಜಿಗವೆಂದರೆ, ತಲೆಗೆ ಲೆಕ್ಕ ಹಾಕಿದರೆ ಪ್ರವಾಸಿಗಳಿಗಿಂತ ವಿಜ್ಞಾನಿಗಳೇ ಹೆಚ್ಚು ಬೀಜ ಹೊತ್ತಿದ್ದರು! ಪರದೇಶದ ಹುಲ್ಲೊಂದು ಈಗಾಗಲೇ ಒಂದು ಸಂಶೋಧನಾ ಠಾಣೆಯ ಬಳಿ ಬೇರು ಬಿಟ್ಟಿರುವುದುಂಟು. ತೊಳೆದ ಬೂಟಿನ ನಿಯಮದ ಅರ್ಥ ಇದರಿಂದ ತಿಳಿಯುತ್ತದೆ.

ಆದರೆ ಮೂರನೆಯ ಲೆಕ್ಕವೇ ಎಲ್ಲಕ್ಕಿಂತ ಭಾರವಾದುದು. ಹಡಗು ಎಣ್ಣೆ ಸುಡುತ್ತದೆ. ಹೊಗೆಯ ಮಸಿ ಹಿಮದ ಮೇಲೆ ಕೂರುತ್ತದೆ. ಬಿಳಿಯ ವಸ್ತು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಕರಿಯ ವಸ್ತು ಹೀರುತ್ತದೆ ಎಂಬುದು ಹೈಸ್ಕೂಲಿನ ಪಾಠ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 2016ರಿಂದ 2020ರ ನಡುವೆ ಅಲ್ಲಿಗೆ ಹೋದ ಪ್ರತಿಯೊಬ್ಬ ಪ್ರವಾಸಿಯ ಪಾಲಿನ ಮಸಿಯಿಂದ ಸುಮಾರು 83 ಟನ್ ಹಿಮ ಬೇಗ ಕರಗುತ್ತದೆ. 2011ರಿಂದಲೇ ಅಲ್ಲಿ ದಪ್ಪ ಎಣ್ಣೆಯ ಬಳಕೆಯನ್ನು ನಿಷೇಧಿಸಿದ ಮೇಲಿನ ಲೆಕ್ಕ ಇದು. ಓದುಗರು ಈ ಚಿತ್ರವನ್ನು ಮನಸ್ಸಿಗೆ ತಂದುಕೊಳ್ಳಬೇಕು. ದಡದಲ್ಲಿ ಒಬ್ಬ ಸಜ್ಜನ ಪ್ರವಾಸಿ. ಬೂಟು ತೊಳೆದಿದ್ದಾನೆ, ಜೇಬು ಗುಡಿಸಿದ್ದಾನೆ, ಐದು ಮೀಟರ್ ದೂರ ನಿಂತಿದ್ದಾನೆ, ಪೆಂಗ್ವಿನ್ ದಾಟಲೆಂದು ಕಾಯುತ್ತಿದ್ದಾನೆ. ಅವನ ನಡತೆಯಲ್ಲಿ ಹುಡುಕಿದರೂ ತಪ್ಪಿಲ್ಲ. ಅವನ ಬೆನ್ನ ಹಿಂದೆ, ಕೊಲ್ಲಿಯಲ್ಲಿ ನಿಂತ ಹಡಗಿನ ಚಿಮಣಿಯಿಂದ ಅವನ ಪಾಲಿನ ಹೊಗೆ ಏಳುತ್ತಿದೆ.

ನೀತಿಯ ಪ್ರಶ್ನೆ ಇರುವುದೇ ಇಲ್ಲಿ. ನಮ್ಮ ಸದಾಚಾರವೆಲ್ಲ ಕಣ್ಣಿಗೆ ಕಾಣುವ ಹಾನಿಯನ್ನು ತಪ್ಪಿಸಲು ರೂಪುಗೊಂಡದ್ದು. ಎದುರಿಗಿರುವವನನ್ನು ನೋಯಿಸಬಾರದು, ಪಕ್ಕದವನ ಕಾಲು ತುಳಿಯಬಾರದು ಎಂದು ಚಿಕ್ಕಂದಿನಿಂದ ಕಲಿತಿದ್ದೇವೆ. ನಾನೊಬ್ಬನೇ ಮಾಡಿದರೆ ಏನೂ ಆಗದ, ಲಕ್ಷ ಜನ ಮಾಡಿದಾಗ ಹಿಮ ಕರಗಿಸುವ ಕೆಲಸವನ್ನು ತಪ್ಪೆಂದು ಗುರುತಿಸಲು ನಮಗೆ ಯಾರೂ ಕಲಿಸಲಿಲ್ಲ. ಇನ್ನೂ ಕ್ರೂರವಾದ ವಿಷಯವೆಂದರೆ, ‘ಹಿಮ ಕರಗಿಹೋಗುತ್ತಿದೆ, ಹೋಗುವ ಮುನ್ನ ಒಮ್ಮೆ ನೋಡಿಬಿಡೋಣ’ ಎಂಬ ಆತುರದಿಂದಲೂ ಜನ ಹೋಗುತ್ತಾರೆ. ಹಾಸಿಗೆ ಹಿಡಿದ ಹಿರಿಯರನ್ನು ನೋಡಲು ನೆಂಟರೆಲ್ಲ ಕೋಣೆ ತುಂಬಿ ಗಾಳಿಯಾಡದಂತೆ ಮಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಒಬ್ಬೊಬ್ಬರ ಮನಸ್ಸಿನಲ್ಲಿಯೂ ಪ್ರೀತಿಯೇ ಇರುತ್ತದೆ. ಉಸಿರು ಕಟ್ಟುವುದು ಮಾತ್ರ ಮಲಗಿದವರಿಗೆ.

‘ನೋಡಿ ಬಂದವನು ಕಾಪಾಡುತ್ತಾನಲ್ಲ?’ ಎಂದು ಲಿಂಡ್‌ಬ್ಲಾಡನ ಪರವಾಗಿ ಯಾರಾದರೂ ಕೇಳಬಹುದು. ಕೇಳತಕ್ಕ ಮಾತೇ. ಹಿಂದೆ ಹೇಳಿದ ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ ಹಳೆಯ ಹಡಗುಗಳಿಂದ ಇಳಿದ ಇಲಿಗಳು ಹಕ್ಕಿಗಳ ಮೊಟ್ಟೆ ಮರಿಗಳನ್ನು ತಿಂದು ಹಾಳುಮಾಡಿದ್ದವು. 2011ರಿಂದ ಕೆಲವು ವರ್ಷ ಹೆಲಿಕಾಪ್ಟರಿನಿಂದ ವಿಷದ ಕಾಳು ಬೀರಿ ಅವನ್ನು ನಿರ್ಮೂಲ ಮಾಡಿದರು. 2018ರಲ್ಲಿ ದ್ವೀಪ ಇಲಿಮುಕ್ತವೆಂದು ಘೋಷಣೆಯಾಯಿತು. ಆ ವೆಚ್ಚಕ್ಕೆ ದಾನಿಗಳು ಹಣ ಕೊಟ್ಟರು. ಅವರಲ್ಲಿ ಸಣ್ಣ ಹಡಗುಗಳಲ್ಲಿ ಹೋದ ಪ್ರವಾಸಿಗಳೂ ಇದ್ದರು. ಕಣ್ಣಾರೆ ಕಾಣದಿದ್ದರೆ ಅವರು ಕೊಡುತ್ತಿದ್ದರೇ ಎಂಬುದು ಸಂದೇಹ. ಆದರೆ ಲಕ್ಷ ರಾಯಭಾರಿಗಳು ಬೇಕೇ? ಮರಳಿ ಬಂದು ಚಿತ್ರಗಳನ್ನು ನೆಂಟರಿಗೆ ತೋರಿಸುವುದಷ್ಟೇ ರಾಯಭಾರವಾದರೆ, ಅದರ ಫಲ ಇನ್ನೂ ನಾಲ್ಕು ಜನ ಟಿಕೆಟ್ ಕೊಳ್ಳುವುದು. ಕುಕ್‌ನ ವೃತ್ತಾಂತ ಸೀಲ್ ಬೇಟೆಗಾರರನ್ನು ಕರೆದಂತೆ ಈ ಚಿತ್ರಗಳು ಹಡಗುಗಳನ್ನು ಕರೆಯುತ್ತವೆ.

ಹಾಗಾದರೆ ಕೆಲವರು ಮಾತ್ರ ಹೋಗಲಿ ಎನ್ನೋಣವೇ? ಆ ಕೆಲವರು ಯಾರು? ಈಗಿನ ಪದ್ಧತಿಯಲ್ಲಿ ಉತ್ತರ ಸರಳ: ತಲೆಗೆ ಹಲವು ಲಕ್ಷ ರೂಪಾಯಿ ಕೊಡಬಲ್ಲವರು. ಎಲ್ಲರೂ ಹೋದರೆ ಆ ತಾಣ ಉಳಿಯುವುದಿಲ್ಲ ಎಂಬುದು ನಿಜವಾದರೆ, ಹೋಗುವ ಪ್ರತಿಯೊಬ್ಬನೂ ಹೋಗದ ಸಾವಿರಾರು ಜನರ ಪಾಲನ್ನು ಉಪಯೋಗಿಸಿಕೊಳ್ಳುತ್ತಿದ್ದಾನೆ. ಅವರು ಹೋಗದಿರುವುದರಿಂದಲೇ ಅವನಿಗೆ ನೋಡಲು ಏನಾದರೂ ಉಳಿದಿದೆ. ಟಿಕೆಟ್ಟಿನ ಹಣ ಹಡಗಿನ ಮಾಲೀಕನಿಗೆ ಸೇರುತ್ತದೆ. ಈ ಸಾವಿರಾರು ಜನರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿದವರಿಲ್ಲ. ಪಾವಿತ್ರ್ಯದ ಹೆಸರಿನಲ್ಲಿ ಕೆಲವರನ್ನು ಹೊರಗಿಡುವುದು ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಉಡುಪಿಯ ಕನಕನ ಕಿಂಡಿಯ ಐತಿಹ್ಯ ನಮಗೆಲ್ಲ ಗೊತ್ತು. ಹುಟ್ಟಿನ ಬದಲು ಜೇಬನ್ನು ನೋಡಿ ಒಳಗೆ ಬಿಟ್ಟರೆ ಅನ್ಯಾಯ ಕಡಿಮೆಯಾಗುವುದಿಲ್ಲ. ಸಂಖ್ಯೆಯ ಮಿತಿ ಬೇಕು ಎನ್ನುವವರು ಹಂಚಿಕೆಯ ನ್ಯಾಯವನ್ನೂ ಹೇಳಬೇಕು. ಚೀಟಿ ಎತ್ತುವುದು ನನ್ನ ದೃಷ್ಟಿಯಲ್ಲಿ ಹರಾಜಿಗಿಂತ ಮೇಲು.

ಇದೆಲ್ಲ ಕೈಗೆಟುಕದ ದ್ರಾಕ್ಷಿಯ ಮಾತೆಂದು ಕೆಲವರು ನಗಬಹುದು. ಸರ್ಕಾರಿ ಗುಮಾಸ್ತನೊಬ್ಬ ಅಂಟಾರ್ಕ್ಟಿಕಕ್ಕೆ ಹೋಗಬಾರದೆಂದು ಉಪದೇಶಿಸುವುದು ತಮಾಷೆಯೇ ಸರಿ. ನಮ್ಮ ರಜಾ ಪ್ರಯಾಣದ ಸೌಲಭ್ಯ ಅಲ್ಲಿಯವರೆಗೆ ತಲುಪುವುದಿಲ್ಲ. ಆದರೆ ವಾದದ ಸತ್ಯಾಸತ್ಯ ಹೇಳುವವನ ಸಂಬಳದ ಮೇಲೆ ನಿಂತಿಲ್ಲ. ಅಲ್ಲದೆ, ಹೋಗಲಾರದವನು ಬಿಡುವುದು ತ್ಯಾಗವಲ್ಲವೆಂದು ಒಪ್ಪಿಕೊಂಡೇ ನಾನು ಬರೆಯುತ್ತಿದ್ದೇನೆ. ಪ್ರಶ್ನೆ ಇರುವುದು ಹೋಗಬಲ್ಲವನ ಮುಂದೆ. ನಮ್ಮ ಮಕ್ಕಳಲ್ಲಿ ಹಲವರು ನಾಳೆ ಅಂಥವರಾಗುತ್ತಾರೆ.

ನನಗೆ ತೋರುವ ಉತ್ತರ ನಮ್ಮ ಹಿರಿಯರ ‘ಋಣ’ವೆಂಬ ಮಾತಿನಲ್ಲಿದೆ. ದೇವರ ಋಣ, ಋಷಿಗಳ ಋಣ, ಪಿತೃಗಳ ಋಣ ಎಂದು ಅವರು ಎಣಿಸಿದರು. ಗೃಹಸ್ಥನ ಐದು ಯಜ್ಞಗಳಲ್ಲಿ ಪ್ರಾಣಿಗಳಿಗೆ ಸಲ್ಲುವ ಭೂತಯಜ್ಞವನ್ನೂ ಸೇರಿಸಿದರು. ನೋಡುವುದು ಹಕ್ಕು ಎಂದುಕೊಂಡರೆ ಹಣ ಕೊಟ್ಟಲ್ಲಿಗೆ ಲೆಕ್ಕ ಚುಕ್ತಾ. ಋಣವೆಂದುಕೊಂಡರೆ ಲೆಕ್ಕ ಆಗ ಆರಂಭವಾಗುತ್ತದೆ. ಪಾಪ ಮಾಡಿ ಹುಂಡಿಗೆ ಕಾಣಿಕೆ ಹಾಕಿದಂತಲ್ಲ ಇದು. ಋಣದ ಮೊದಲ ನಿಯಮವೇ ತೀರಿಸಲಾಗದ ಸಾಲ ಮಾಡಬಾರದೆಂಬುದು.

ತೀರಿಸಿದವರ ಉದಾಹರಣೆ ಇದೆ. ಅಂಟಾರ್ಕ್ಟಿಕದ ಬ್ರಿಟಿಷ್ ಠಾಣೆಯಲ್ಲಿ ವರ್ಷಾನುಗಟ್ಟಲೆ ಅಳತೆ ಮಾಡಿದ ವಿಜ್ಞಾನಿಗಳು ಓಝೋನ್ ಪದರ ತೆಳುವಾಗುತ್ತಿರುವುದನ್ನು 1985ರಲ್ಲಿ ಜಗತ್ತಿಗೆ ತಿಳಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಅವರೂ ಹೊಗೆ ಬಿಟ್ಟಿರಬೇಕು, ಬೀಜ ಹೊತ್ತಿರಬೇಕು. ಆದರೆ ಅವರ ನೋಟದಿಂದ ಇಡೀ ಭೂಮಿಗೆ ಉಪಕಾರವಾಯಿತು. ನಮ್ಮ ದೇಶದವರೂ 1981ರ ಡಿಸೆಂಬರಿನಲ್ಲಿ ಡಾ. ಎಸ್. ಝಡ್. ಕಾಸಿಂ ಅವರ ನೇತೃತ್ವದಲ್ಲಿ ಗೋವಾದಿಂದ ಹೊರಟು 1982ರ ಜನವರಿಯಲ್ಲಿ ಅಲ್ಲಿ ಕಾಲಿಟ್ಟರು. 2022ರಲ್ಲಿ ಸಂಸತ್ತು ಅಂಟಾರ್ಕ್ಟಿಕದ ಬಗ್ಗೆ ಕಾನೂನು ಮಾಡಿತು. 2024ರ ಮೇ ತಿಂಗಳಲ್ಲಿ ಕೊಚ್ಚಿಯಲ್ಲಿ ಸೇರಿದ ಒಪ್ಪಂದ ರಾಷ್ಟ್ರಗಳ ಸಭೆ ಪ್ರವಾಸದ ನಿಯಂತ್ರಣವನ್ನು ಚರ್ಚಿಸಿತು. ಆದ್ದರಿಂದ ವಿಷಯ ನಮಗೆ ಹೊರಗಿನದೇನಲ್ಲ.

ಕೇವಲ ನೋಡುವ ಆಸೆಯಿಂದ ಹೋಗುವವನು ತನ್ನ ಪಾಲಿನ 83 ಟನ್ ಹಿಮವನ್ನು ಹೇಗೆ ಹಿಂದಿರುಗಿಸುತ್ತಾನೆ? ನನಗೆ ದಾರಿ ಕಾಣುವುದಿಲ್ಲ. ಹಡಗುಗಳು ಎಣ್ಣೆ ಸುಟ್ಟೇ ಓಡುವವರೆಗೆ ಅದು ತೀರದ ಸಾಲವೆಂದೇ ನನ್ನ ತೀರ್ಮಾನ. ತೀರಿಸಬಹುದಾದ ಸಾಲಗಳು ಬೇಕಾದಷ್ಟಿವೆ. ರಜೆಯಲ್ಲಿ ಊರಿಗೆ ಹೋದಾಗ ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕುಳಿತು ಹಕ್ಕಿಗಳನ್ನು ನೋಡಿದವನು, ಆ ಹೊಳೆಗೆ ಕಸ ಬೀಳದಂತೆ ನೋಡಿಕೊಳ್ಳುವವರ ಜೊತೆ ನಿಲ್ಲಬಹುದು.

ಕೊನೆಯದಾಗಿ, ನೋಡದಿರುವುದೂ ಒಂದು ಸಂಬಂಧವೇ. ಕೊಡಗಿನ ಜನ ಊರೂರಲ್ಲಿ ದೇವರಕಾಡುಗಳನ್ನು ಬಿಟ್ಟುಕೊಂಡು ಬಂದರು. ಅಲ್ಲಿ ಮರ ಕಡಿಯುವಂತಿಲ್ಲ, ಸುಮ್ಮನೆ ತಿರುಗಾಡುವಂತಿಲ್ಲ. ಹಾಗೆಂದು ಅವರಿಗೆ ಆ ಕಾಡಿನ ಮೇಲೆ ಪ್ರೀತಿ ಕಡಿಮೆ ಎನ್ನಲಾದೀತೇ? ಬಿಟ್ಟಿದ್ದರಿಂದಲೇ ಅದು ಉಳಿಯಿತು. ನಾವು ಎಂದೂ ಕಾಣದ ಒಂದು ದಡದಲ್ಲಿ ಪೆಂಗ್ವಿನ್‌ಗಳು ಕಲ್ಲು ಕದ್ದು ಜಗಳವಾಡುತ್ತಿವೆ ಎಂದು ತಿಳಿದು ಸಂತೋಷಪಡಲು ಸಾಧ್ಯವಾದರೆ, ಆ ಸಂತೋಷಕ್ಕೆ ಟಿಕೆಟ್ ಬೇಡ, ಅದರಿಂದ ಹಿಮವೂ ಕರಗುವುದಿಲ್ಲ. ಮಕ್ಕಳಿಗೆ ದೇಶ ಸುತ್ತಲು ಹೇಳೋಣ. ಅದರ ಜೊತೆಗೆ, ಸುತ್ತದೆ ಬಿಡಬೇಕಾದ ಕೆಲವು ಜಾಗಗಳಿವೆ ಎಂಬುದನ್ನೂ ಕಲಿಸೋಣ. ಇದಕ್ಕೆ ಭಿನ್ನಾಭಿಪ್ರಾಯವುಳ್ಳ ವಾಚಕರು, ವಿಶೇಷವಾಗಿ ಅಲ್ಲಿಗೆ ಹೋಗಿಬಂದವರು, ತಮ್ಮ ವಿಚಾರಗಳನ್ನು ಈ ಪತ್ರಿಕೆಗೆ ಬರೆದರೆ ಚರ್ಚೆ ಮುಂದುವರಿಯುತ್ತದೆ.